ಗಯನ ತಾಂಬೂಲದಿಂದ ಓಬವ್ವನ ಕಿಂಡಿಗೆ

ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವ ಉಗಿದ ತಾಂಬೂಲ, ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬಿತ್ತು. ಇವನ ತಲೆ ತೆಗೆಯುತ್ತೇನೆಂದು ಕೃಷ್ಣ ಶಪಥ ಮಾಡಿದ. ಅಟ್ಟಿಸಿಕೊಂಡು ಬರುತ್ತಿರುವವರು ಯಾರೆಂದು ಕೇಳದೆಯೇ ಅರ್ಜುನ ಗಯನಿಗೆ ಅಭಯ ಕೊಟ್ಟ. ಆಮೇಲಿನದು ಕೃಷ್ಣಾರ್ಜುನರ ಕಾಳಗ. ಬೇರೆ ಬೇರೆ ಕಥೆಗಳ ನಾಯಕರನ್ನು ಒಂದೇ ಕಣಕ್ಕಿಳಿಸುವುದಕ್ಕೆ ಅಮೆರಿಕದ ಕಾಮಿಕ್ಸ್‌ನವರು ಕ್ರಾಸ್‌ಓವರ್ ಎನ್ನುತ್ತಾರೆ. ನಮ್ಮ ಬಯಲಾಟದವರು ಕಾಳಗ ಎಂದರು, ಅಷ್ಟೆ. ರಾಮಾಯಣದ ಹನುಮಂತ ಮಹಾಭಾರತದ ಅರ್ಜುನನ ಬಾಣದ ಸೇತುವೆಯನ್ನು ಪರೀಕ್ಷಿಸಲು ಬರುವ ‘ಶರಸೇತು ಬಂಧನ’ದಲ್ಲಂತೂ ಇಬ್ಬರೂ ಯುಗ ದಾಟಿ ಎದುರಾಗುತ್ತಾರೆ.

ಚಿತ್ರದುರ್ಗ, ತುಮಕೂರು ಸೀಮೆಯ ಮೂಡಲಪಾಯ ಬಯಲಾಟದಲ್ಲಿ ಅಬ್ಬರಕ್ಕೆ ಕೊರತೆಯಿಲ್ಲ. ಭಾರದ ಕಿರೀಟ, ಭುಜಕೀರ್ತಿ, ಮುಖವೀಣೆಯ ಏರುದನಿ, ತೆರೆಯ ಹಿಂದಿನಿಂದಲೇ ಶುರುವಾಗುವ ಆರ್ಭಟ. ಆದರೆ ವೇಷ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಎಂಥ ವೀರನಾದರೂ ಉತ್ತರ ಹೇಳಿಯೇ ಮುಂದೆ ಹೋಗಬೇಕು. ನನಗೆ ಇಡೀ ಆಟದಲ್ಲಿ ಇದಕ್ಕಿಂತ ಜಾಣ ಉಪಾಯ ಕಂಡಿಲ್ಲ. ಕತ್ತಿ ಹಿರಿಯುವ ಮೊದಲೇ ಪಾತ್ರ ತನ್ನ ಹಟವನ್ನು ಬಾಯಿಬಿಟ್ಟು ಹೇಳಿಕೊಂಡಿರುತ್ತದೆ. ರಾತ್ರಿಯಿಡೀ ನಡೆಯುವ ಆಟವನ್ನು ವೇದಿಕೆಯ ಒಂದೆರಡು ಗಂಟೆಗೆ ಇಳಿಸಿದಾಗ ಮೊದಲು ಕತ್ತರಿ ಬೀಳುವುದು ಈ ಮಾತುಕತೆಗೇ. ಕುಣಿತ ಉಳಿಯುತ್ತದೆ.

ಕಾಮಿಕ್ಸ್ ನಡೆದ ದಾರಿಯೂ ಹೆಚ್ಚುಕಡಿಮೆ ಇದೇ. 1976ರಲ್ಲಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್‌ನನ್ನು ಎದುರುಬದುರು ನಿಲ್ಲಿಸಲು ಡಿಸಿ, ಮಾರ್ವೆಲ್ ಎಂಬ ಎರಡು ಪ್ರತಿಸ್ಪರ್ಧಿ ಕಂಪನಿಗಳು ಕೈಜೋಡಿಸಿದವು. 1984ರಲ್ಲಿ ಶುರುವಾದ ಮಾರ್ವೆಲ್‌ನ ‘ಸೀಕ್ರೆಟ್ ವಾರ್ಸ್’ ಹನ್ನೆರಡು ಸಂಚಿಕೆಯ ಜಾತ್ರೆ. ಅದರ ಬೆನ್ನಿಗಿದ್ದದ್ದು ಮ್ಯಾಟೆಲ್ ಕಂಪನಿಯ ಆಟಿಕೆ ವ್ಯಾಪಾರ. ಎಲ್ಲರನ್ನೂ ಎತ್ತಿಕೊಂಡು ಹೋಗಿ ದೂರದ ಗ್ರಹವೊಂದರಲ್ಲಿ ಹೊಡೆದಾಡಿ ಎಂದರೆ ಕಾರಣ ಕೇಳುವ ಸಾರಥಿ ಎಲ್ಲಿ? 1985ರಲ್ಲಿ ಬಂದ ಡಿಸಿಯ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಲೋಕಗಳನ್ನೇ ಅಳಿಸಿಹಾಕಿತು. ಓದುಗರ ಮನಸ್ಸಿನಲ್ಲಿ ನಿಂತದ್ದು ಮಾತ್ರ ಸೂಪರ್‌ಗರ್ಲ್, ಫ್ಲ್ಯಾಶ್ ಇಬ್ಬರ ಸಾವು. ಮಾರ್ವೆಲ್‌ನ 2006ರ ‘ಸಿವಿಲ್ ವಾರ್’ ನಮ್ಮ ಗಯನ ಕಥೆಗೆ ಹತ್ತಿರದ ನೆಂಟ. ಮುಖವಾಡದ ವೀರರೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನಿನ ಮೇಲೆ ಕ್ಯಾಪ್ಟನ್ ಅಮೆರಿಕ, ಐರನ್ ಮ್ಯಾನ್ ಬೇರೆಯಾಗುತ್ತಾರೆ. ಇಬ್ಬರಿಗೂ ತಮ್ಮ ಮಾತೇ ಸರಿ, ಕೃಷ್ಣಾರ್ಜುನರ ಹಾಗೆ. ಗಯನಿಗೆ ಸಿಕ್ಕಷ್ಟು ಜಾಗ ಅಲ್ಲಿ ಸಣ್ಣವರಿಗೆ ಸಿಗಲಿಲ್ಲ ಎಂಬುದು ನನ್ನ ತಕರಾರು.

ಚಿತ್ರದುರ್ಗದಲ್ಲಿ ಅಬ್ಬರಕ್ಕೂ ಪಾತ್ರಕ್ಕೂ ನಡೆಯುವ ಈ ಜಗಳ ಕಾದಂಬರಿ, ಸಿನಿಮಾಗಳಿಗೂ ಬಂತು. ಕಾದಂಬರಿಕಾರ ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ 1982ರ ‘ದುರ್ಗಾಸ್ತಮಾನ’ದವರೆಗೆ ದುರ್ಗದ ಪಾಳೆಯಗಾರರ ಒಂದೇ ಲೋಕವನ್ನು ಹಲವು ಪುಸ್ತಕಗಳಲ್ಲಿ ಕಟ್ಟಿದರು. 1779ರಲ್ಲಿ ಕೋಟೆ ಹೈದರ್ ಅಲಿಯ ಕೈಸೇರಿತೆಂದು ಓದುಗನಿಗೆ ಮೊದಲೇ ಗೊತ್ತು. ಹಾಗಾಗಿ ಕುತೂಹಲವೆಲ್ಲ ಕೋಟೆ ಕಳೆದುಕೊಂಡ ಪಾಳೆಯಗಾರ ಮದಕರಿನಾಯಕನ ಮನಸ್ಸಿನ ಮೇಲೇ. ತ.ರಾ.ಸು. ಅವರದೇ ಮೂರು ಸಾಮಾಜಿಕ ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದರು. ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ಮುನಿಸಿಕೊಂಡರೆಂಬ ಮಾತು ಇಂದಿಗೂ ಓಡಾಡುತ್ತದೆ. ಚಿತ್ರದ ನಾಯಕ ರಾಮಾಚಾರಿಯ ಕಥೆಯ ನಡುವೆ, ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರನ್ನು ಒನಕೆಯಿಂದ ಹೊಡೆದುರುಳಿಸಿದ ಓಬವ್ವನಾಗಿ ಜಯಂತಿ ಬಂದು ಹೋಗುವುದು ಕೆಲವೇ ನಿಮಿಷ. ಕಥೆಗೆ ಅದರ ಹಂಗಿಲ್ಲ, ಶುದ್ಧ ಅಬ್ಬರ ಎನ್ನಬಹುದಿತ್ತು. ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಊಟಕ್ಕೆ ಕೂತ ಕಾವಲುಗಾರ ಗಂಡ, ನೀರಿಗೆ ಹೋದ ಹೆಂಡತಿ, ಅವನ ತುತ್ತಿಗೆ ಅಡ್ಡಿಯಾಗಬಾರದೆಂದು ತಾನೇ ಒನಕೆ ಎತ್ತಿಕೊಂಡವಳು: ಹೆಣಗಳ ರಾಶಿ ಬೀಳುವ ಮೊದಲೇ ಪಾತ್ರ ಪೂರ್ತಿಯಾಗಿಬಿಟ್ಟಿದೆ.

 

ಇಂದು ದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿಯ ಮುಂದೆ ಒನಕೆ ಎತ್ತಿದಂತೆ ಕೈ ಎತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ತಣ್ಣೀರುದೋಣಿ ಇದೆ. ಅವಳು ನೀರಿಗೆಂದು ಬಂದ ಆ ಜಾಗದ ಮುಂದೆ ಕ್ಯಾಮೆರಾ ಹಿಡಿದು ನಿಂತವರನ್ನು ನಾನು ಹೆಚ್ಚು ಕಂಡಿಲ್ಲ.