ಹಾರುವ ಓತಿ

ಕೊಲ್ಲೂರಿನ ಮೂಕಾಂಬಿಕಾ ವನ್ಯಜೀವಿಧಾಮದ ಕಾಡುಗಳಲ್ಲೂ ಘಟ್ಟದ ಬುಡದ ಅಡಿಕೆ ತೋಟಗಳಲ್ಲೂ ಹಾರುವ ಓತಿ ವಾಸಿಸುತ್ತದೆ. ವೈಜ್ಞಾನಿಕ ಹೆಸರು ಡ್ರೇಕೊ ಡುಸ್ಸುಮಿಯೇರಿ. ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು 20 ಸೆಂ.ಮೀ. ಉದ್ದ, ಅದರಲ್ಲಿ ಬಾಲದ್ದೇ ಹೆಚ್ಚು ಪಾಲು.

ಇದಕ್ಕೆ ಹಕ್ಕಿಯಂತೆ ಬಡಿಯುವ ರೆಕ್ಕೆಯಿಲ್ಲ. ಪಕ್ಕೆಯಿಂದ ಹೊರಚಾಚಿದ ಉದ್ದನೆಯ ಪಕ್ಕೆಲುಬುಗಳ ನಡುವೆ ತೆಳುವಾದ ಚರ್ಮವಿದ್ದು, ಕೊಡೆಯ ಕಡ್ಡಿಗಳಂತೆ ಎಲುಬುಗಳು ಅದನ್ನು ಬಿಡಿಸಿ ಮಡಚುತ್ತವೆ. ಎತ್ತರದಿಂದ ನೆಗೆದ ಓತಿ ಮುಂಗಾಲುಗಳನ್ನು ಹಿಂದಕ್ಕೆ ತಂದು ಈ ಚರ್ಮದ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹೀಗೆ ಅದು ರೆಕ್ಕೆಯನ್ನು ಕೈಯಿಂದಲೇ ನಿಯಂತ್ರಿಸುವ ಸಂಗತಿ ಆಗುಂಬೆಯ ಸುತ್ತಮುತ್ತ ನಡೆದ ಅಧ್ಯಯನದಿಂದ 2017ರಲ್ಲಷ್ಟೇ ಪ್ರಕಟವಾಯಿತು. ಇಳಿಯುವಾಗ ತಲೆಯನ್ನು ಮೇಲೆತ್ತಿ, ವೇಗ ತಗ್ಗಿಸಿ, ಮುಂದಿನ ಮರದ ಕಾಂಡಕ್ಕೆ ಅಂಟಿಕೊಳ್ಳುತ್ತದೆ.

ಮುಖ್ಯ ಆಹಾರ ಇರುವೆ. ಅಡಿಕೆ ಮರದ ಮೇಲೆ ಇರುವೆಗಳ ಸಾಲು ಹರಿಯುವಲ್ಲಿ ಕೂತರೆ ಊಟ ತಾನಾಗಿ ಬರುತ್ತದೆ. ಗಂಡಿನ ಗಂಟಲಲ್ಲಿ ನಿಂಬೆಹಳದಿ ಚರ್ಮದ ಮಡಿಕೆಯಿದೆ. ಎದುರಾಳಿಯನ್ನು ಬೆದರಿಸಲು, ಹೆಣ್ಣನ್ನು ಸೆಳೆಯಲು ಅದನ್ನು ಮತ್ತೆಮತ್ತೆ ಚಾಚುತ್ತದೆ. ಅದಿಲ್ಲದಿದ್ದರೆ ತೊಗಟೆಯ ಬಣ್ಣದ ಈ ಪ್ರಾಣಿ ಕಣ್ಣೆದುರಿದ್ದರೂ ಕಾಣದು.

ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯುತ್ತದೆ. ಮೂತಿಯಿಂದ ಮಣ್ಣು ತೋಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಟ್ಟು ಮುಚ್ಚುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಹುಡುಕಾಟ ಹಾರುವ ಓತಿಗಾಗಿಯೇ. ಕನ್ನಡ ಓದುಗರಲ್ಲಿ ಹಲವರು ಇದನ್ನು ಮರದ ಮೇಲೆ ನೋಡುವ ಮೊದಲು ಅಲ್ಲಿ ಕಂಡವರು.