ಗೋಟಿಂಗೆನ್ನಿನ ಹುಂಜಗಳೂ ‘ಡಿ’ ಜೀವಸತ್ತ್ವವೂ

ಜರ್ಮನಿಯ ಗೋಟಿಂಗೆನ್ ಪಟ್ಟಣವು ಗಣಿತಕ್ಕೆ ಹೆಸರಾದುದೆಂಬುದು ವಾಚಕರಿಗೆ ವಿದಿತವೇ. ಪುರುಷ ಹಾರ್ಮೋನು, ‘ಡಿ’ ಜೀವಸತ್ತ್ವ ಇವೆರಡರ ಚರಿತ್ರೆಗೂ ಅದು ತೌರುಮನೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಇವೆರಡರ ನಂಟನ್ನು ಕುರಿತ ಊಹೆಯೊಂದು ಏನಾಯಿತೆಂಬುದನ್ನು ಇಲ್ಲಿ ವಿಚಾರಿಸಿದೆ.

1849ರಲ್ಲಿ ಬರ್ಟೋಲ್ಡನು ಆ ಊರಿನಲ್ಲಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದನು. ಹಾಗೆಯೇ ಬಿಟ್ಟ ಹುಂಜಗಳ ಜುಟ್ಟು ಬೆಳೆಯಲಿಲ್ಲ. ಅವು ಕೂಗನ್ನೂ ಕಾಳಗವನ್ನೂ ತೊರೆದುವು. ವೃಷಣವನ್ನು ಹೊಟ್ಟೆಯೊಳಗೆ ನೆಟ್ಟ ಹುಂಜಗಳಾದರೋ ಎಂದಿನಂತೆ ಕೂಗಿ ಕಾದಾಡಿದುವು. ನರಗಳ ಸಂಬಂಧವು ಕಡಿದುಹೋಗಿದ್ದುದರಿಂದ ಈ ಪ್ರಭಾವವು ರಕ್ತದ ಮೂಲಕವೇ ಹರಡತಕ್ಕದ್ದೆಂದು ಅವನು ನಿರ್ಣಯಿಸಿದನು. ಕೆಲವೇ ಪುಟಗಳ ಆ ಪ್ರಬಂಧವನ್ನು ಬಹುಕಾಲ ಯಾರೂ ಲಕ್ಷಿಸಲಿಲ್ಲ. ಕೀರ್ತಿಯು ಸಂದುದು ದುರ್ಬಲವಾದ ಪ್ರಮಾಣಕ್ಕೆ! 1889ರಲ್ಲಿ, ಪ್ಯಾರಿಸಿನಲ್ಲಿ, 72 ವಯಸ್ಸಿನ ಬ್ರೌನ್-ಸೆಕಾರನು ಪ್ರಾಣಿಗಳ ವೃಷಣರಸವನ್ನು ತನಗೇ ಚುಚ್ಚಿಕೊಂಡು ಶಕ್ತಿಯು ಮರಳಿತೆಂದು ಸಾರಿದನು. ನೀರಿನಲ್ಲಿ ಅರೆದ ಆ ರಸದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಅಲ್ಪ. ಗುಣವನ್ನು ಕಂಡುದು ವೃದ್ಧನ ಆಸೆಯೆಂದೇ ಹೇಳಬೇಕಾಗಿದೆ.

ಮುಂದಿನ ಕಾರ್ಯವು ರಸಾಯನಶಾಸ್ತ್ರಜ್ಞರದು. ಗೋಟಿಂಗೆನ್ನಿನಲ್ಲಿಯೇ ವಿಂಡೌಸನು ಸ್ಟಿರಾಲುಗಳನ್ನೂ ಜೀವಸತ್ತ್ವಗಳೊಡನೆ ಅವುಗಳ ಸಂಬಂಧವನ್ನೂ ಶೋಧಿಸಿ 1928ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಅವನ ಶಿಷ್ಯನಾದ ಬುಟೆನಾಂಟನು 1931ರಲ್ಲಿ ಪುರುಷರ ಮೂತ್ರವನ್ನು ಸುಮಾರು 15,000 ಲೀಟರು ಶೋಧಿಸಿ, 15 ಮಿಲಿಗ್ರಾಮಿನಷ್ಟು ಆಂಡ್ರೋಸ್ಟಿರೋನನ್ನು ಬೇರ್ಪಡಿಸಿದನು. 1935ರಲ್ಲಿ ಆಮ್‌ಸ್ಟರ್‌ಡಾಮಿನ ಶೋಧಕರು ಹೋರಿಯ ವೃಷಣದಿಂದ ಟೆಸ್ಟೋಸ್ಟಿರೋನನ್ನು ತೆಗೆದರು. ಅದೇ ವರ್ಷ ಬುಟೆನಾಂಟನೂ ರುಜಿಚ್ಕನೂ ಬೇರೆಬೇರೆಯಾಗಿ ಅದನ್ನು ಕೊಲೆಸ್ಟಿರಾಲಿನಿಂದ ರಚಿಸಿದರು. ನಮ್ಮ ಚರ್ಮದಲ್ಲಿ ಬಿಸಿಲು ‘ಡಿ’ಯನ್ನು ಉಂಟುಮಾಡುವುದೂ ಕೊಲೆಸ್ಟಿರಾಲಿನ ದಾಯಾದಿಯೊಂದರಿಂದಲೇ.

ವಂಶವೊಂದಾದ ಮಾತ್ರಕ್ಕೆ, ‘ಡಿ’ಯನ್ನು ಸೇವಿಸಿದರೆ ಪುರುಷ ಹಾರ್ಮೋನು ಏರುವುದೆ? 2011ರಲ್ಲಿ ಆಸ್ಟ್ರಿಯದ ಗ್ರಾತ್ಸ್ ನಗರದ ವೈದ್ಯರು ಏರುವುದೆಂಬ ಸೂಚನೆಯನ್ನು ಕೊಟ್ಟರು. ಒಂದು ವರ್ಷ ದಿನವೊಂದಕ್ಕೆ 3,332 ಅಂತರರಾಷ್ಟ್ರೀಯ ಮಾನಗಳಷ್ಟು ಸೇವಿಸಿದವರಲ್ಲಿ ಟೆಸ್ಟೋಸ್ಟಿರೋನು ಲೀಟರಿಗೆ 10.7ರಿಂದ 13.4 ನ್ಯಾನೋಮೋಲಿಗೆ ಏರಿದ್ದಿತು. ಆದರೆ ಪರೀಕ್ಷೆಗೊಳಗಾದವರು ಒಟ್ಟು 54 ಮಂದಿ ಮಾತ್ರ. ಅವರೂ ತೂಕವನ್ನಿಳಿಸಲೆಂದು ನಡೆದ ಬೇರೊಂದು ಪ್ರಯೋಗದಲ್ಲಿದ್ದ ಸ್ಥೂಲಕಾಯರು. ಇಷ್ಟರಿಂದಲೇ ಗುಳಿಗೆಯ ಮಾರಾಟಗಾರರಿಗೆ ಬೇಕಾದ ಮಾತು ಸಿಕ್ಕಿತೆಂಬುದು ಬೇರೆ.

ಅದೇ ಗ್ರಾತ್ಸಿನಲ್ಲಿ, ಈ ಪ್ರಶ್ನೆಗಾಗಿಯೇ, ಆರೋಗ್ಯವಂತರಿಗೆ ವಾರಕ್ಕೆ 20,000 ಮಾನಗಳಂತೆ 12 ವಾರ ಕೊಟ್ಟು ನೋಡಿ 2017ರಲ್ಲಿ ಫಲವನ್ನು ಪ್ರಕಟಿಸಿದರು. ಹಾರ್ಮೋನಿನಲ್ಲಿ ಗಣನೀಯವಾದ ವ್ಯತ್ಯಾಸವು ಕಂಡುಬರಲಿಲ್ಲ. ಹಾರ್ಮೋನು ಮೊದಲೇ ಕಡಮೆಯಿದ್ದವರನ್ನು ಪರೀಕ್ಷಿಸಿದಾಗಲೂ ಹಾಗೆಯೇ ಆಯಿತು.