ಎರಡು ಗೃಹಕಂಪ್ಯೂಟರುಗಳ ಚಿತ್ರಶಕ್ತಿಯ ತಾರತಮ್ಯ

1985ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಪೇಟೆಗೆ ಎರಡು ಗೃಹಕಂಪ್ಯೂಟರುಗಳು ಕೆಲವೇ ತಿಂಗಳುಗಳ ಅಂತರದಲ್ಲಿ ಬಂದುವು. ಒಂದು ಅಟಾರಿ ಸಂಸ್ಥೆಯ 520 ಎಸ್.ಟಿ.; ಇನ್ನೊಂದು ಕಮೊಡೋರ್ ಸಂಸ್ಥೆಯ ಅಮೀಗಾ. ಎರಡರೊಳಗೂ ಇದ್ದ ಪ್ರೊಸೆಸರು ಮೋಟರೋಲಾ ಸಂಸ್ಥೆಯ 68000 ಎಂಬ ಒಂದೇ ಜಾತಿಯದು. ಹೀಗಿದ್ದರೂ ಚಿತ್ರಗಳನ್ನು ತೋರಿಸುವ ಶಕ್ತಿಯು ಯಾವುದಕ್ಕೆ ಹೆಚ್ಚು ಎಂಬ ವಾದವು ಅಮೆರಿಕಾದಲ್ಲಿಯೂ ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿಯೂ ಬಹುಕಾಲ ನಡೆಯಿತು. ಅಮೀಗಾ ಪಕ್ಷದವರು ವರ್ಣಗಳ ಸಂಖ್ಯೆಯನ್ನೂ, ಎಸ್.ಟಿ. ಪಕ್ಷದವರು ಪ್ರೊಸೆಸರಿನ ವೇಗವನ್ನೂ ಬೆಲೆಯನ್ನೂ ಮುಂದಿಡುತ್ತಿದ್ದರು. ಎರಡು ಕಡೆಯ ಸಂಖ್ಯೆಗಳೂ ಸತ್ಯವೇ. ಅವುಗಳಿಂದ ತೆಗೆದ ನಿರ್ಣಯಗಳು ಮಾತ್ರ ನಿಲ್ಲತಕ್ಕವಲ್ಲವೆಂಬುದು ಈ ಯಂತ್ರಗಳ ಚರಿತ್ರೆಯನ್ನು ವಿಚಾರಿಸಿದರೆ ತಿಳಿದುಬರುತ್ತದೆ.

ಈ ವಾದವು ಕೊಳ್ಳುವ ಮನೆಯವರಿಗೆ ಹುಡುಗಾಟವಾಗಿರಲಿಲ್ಲ. ಏಕವರ್ಣದ ತೆರೆಯೊಡನೆ ಎಸ್.ಟಿ.ಗೆ 799 ಡಾಲರು. ತೆರೆಯಿಲ್ಲದೆಯೇ ಅಮೀಗಾಕ್ಕೆ 1,295 ಡಾಲರು. ಒಂದಕ್ಕಾಗಿ ಬರೆದ ಪ್ರೋಗ್ರಾಮು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಒಮ್ಮೆ ಆರಿಸಿದವನು ಅದರೊಡನೆಯೇ ವರ್ಷಗಟ್ಟಲೆ ಬಾಳಬೇಕಾಗಿದ್ದಿತು.

ಮೊದಲು ವಂಶವೃತ್ತಾಂತವನ್ನು ನೋಡೋಣ. ಅದು ಕಟ್ಟುಕಥೆಯಂತೆ ತೋರಿದರೂ ನಡೆದ ಸಂಗತಿ. ಜೇ ಮೈನರ್ ಎಂಬ ಯಂತ್ರಶಿಲ್ಪಿಯು ಅಟಾರಿಯ ಸೇವೆಯಲ್ಲಿದ್ದು, 1977ರ ಆಟದ ಯಂತ್ರಕ್ಕೂ 1979ರ ಅಟಾರಿ 400 ಮತ್ತು 800 ಕಂಪ್ಯೂಟರುಗಳಿಗೂ ಚಿತ್ರದ ಚಿಪ್ಪುಗಳನ್ನು ರಚಿಸಿದವನು. 68000 ಪ್ರೊಸೆಸರಿನಿಂದ ಹೊಸ ಯಂತ್ರವೊಂದನ್ನು ಮಾಡಬೇಕೆಂಬ ಅವನ ಬಯಕೆಗೆ ಅಟಾರಿಯವರು ಒಪ್ಪದೆ ಹೋದುದರಿಂದ ಅವನು ಹೊರಬಂದು, 1982ರಲ್ಲಿ ಹುಟ್ಟಿದ ಸಣ್ಣ ಸಂಸ್ಥೆಯೊಂದನ್ನು ಸೇರಿ ಅಮೀಗಾವನ್ನು ಕಟ್ಟಲು ತೊಡಗಿದನು. ಹಣವು ಸಾಲದೆ ಬಂದಾಗ 1984ರಲ್ಲಿ ಆ ಸಂಸ್ಥೆಯು ಅಟಾರಿಯಿಂದಲೇ 5 ಲಕ್ಷ ಡಾಲರು ಸಾಲವನ್ನು ಪಡೆಯಿತು. ಇತ್ತ ಕಮೊಡೋರಿನ ಸ್ಥಾಪಕನಾದ ಜ್ಯಾಕ್ ಟ್ರಾಮಿಯಲ್ ಎಂಬಾತನು ಅದೇ ವರ್ಷದ ಜನವರಿಯಲ್ಲಿ ತಾನು ಬೆಳೆಸಿದ ಸಂಸ್ಥೆಯನ್ನೇ ಬಿಟ್ಟು ಹೊರನಡೆದು, ಜುಲೈ ತಿಂಗಳಲ್ಲಿ ಅಟಾರಿಯ ಗೃಹಯಂತ್ರ ವಿಭಾಗವನ್ನು ಕೊಂಡುಕೊಂಡನು. ಕಮೊಡೋರಿನವರಾದರೋ ಅಟಾರಿಯ ಸಾಲವನ್ನು ತೀರಿಸಿಕೊಡುವಂತೆ ಮಾಡಿ ಅಮೀಗಾವನ್ನು ತಾವು ಕೊಂಡರು. ಹೀಗೆ ಅಟಾರಿಯ ಹಳೆಯ ಶಿಲ್ಪಿಯ ಯಂತ್ರವು ಕಮೊಡೋರಿನ ಹೆಸರಿನಲ್ಲಿಯೂ, ಕಮೊಡೋರಿನ ಹಳೆಯ ಯಜಮಾನನ ಯಂತ್ರವು ಅಟಾರಿಯ ಹೆಸರಿನಲ್ಲಿಯೂ ಎದುರುಬದುರಾಗಿ ನಿಂತುವು. ದಾಯಾದಿಗಳ ಮನೆಯಲ್ಲಿ ಮಕ್ಕಳು ಅದಲುಬದಲಾದಂತೆ ಆಯಿತು. ವ್ಯಾಜ್ಯಗಳು ನ್ಯಾಯಸ್ಥಾನದಲ್ಲಿ 1987ರ ವರೆಗೂ ನಡೆದುವು.

ಇನ್ನು ಚಿತ್ರದ ವಿಚಾರ. ತೆರೆಯ ಮೇಲಿನ ಚಿತ್ರವೆಲ್ಲವೂ ಬಿಂದುಗಳ ಸಮೂಹ. ಪ್ರತಿ ಬಿಂದುವಿನ ವರ್ಣಕ್ಕೂ ಮೆಮರಿಯಲ್ಲಿ ಕೆಲವು ಬಿಟ್ಟುಗಳ ಸ್ಥಳ ಬೇಕು. ನಾಲ್ಕು ಬಿಟ್ಟುಗಳಾದರೆ 16 ವರ್ಣ, ಐದಾದರೆ 32. ಈ ಎರಡು ಯಂತ್ರಗಳಲ್ಲಿಯೂ ಒಂದು ಬಿಂದುವಿನ ಬಿಟ್ಟುಗಳು ಒಟ್ಟಿಗೆ ಒಂದೇ ಬೈಟಿನಲ್ಲಿ ಇರುತ್ತಿರಲಿಲ್ಲ; ಒಂದರ ಮೇಲೊಂದು ಇಟ್ಟ ಪಾರದರ್ಶಕವಾದ ಹಾಳೆಗಳಂತೆ ಬೇರೆ ಬೇರೆ ಪದರಗಳಾಗಿ ಹಂಚಿಹೋಗಿದ್ದುವು. ಮೆಮರಿಯು ದುಬಾರಿಯಾಗಿದ್ದ ಆ ಕಾಲದಲ್ಲಿ ಬೇಕಾದಷ್ಟೇ ಪದರಗಳನ್ನು ಇಟ್ಟುಕೊಳ್ಳಬಹುದಾದ ಈ ಪದ್ಧತಿಯು ಮಿತವ್ಯಯದ್ದೇ ಸರಿ. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಳುವಾಯಿತು.

ಸೂಚೀಕಟಾಹನ್ಯಾಯದಿಂದ ಸಣ್ಣದನ್ನು ಮೊದಲು ಮುಗಿಸುವುದು ಲೇಸು. ಎಸ್.ಟಿ.ಯು ಅಡ್ಡಲಾಗಿ 320, ಉದ್ದಕ್ಕೆ 200 ಬಿಂದುಗಳ ತೆರೆಯಲ್ಲಿ 512 ಛಾಯೆಗಳಿಂದ ಆರಿಸಿದ 16 ವರ್ಣಗಳನ್ನು ತೋರಿಸುತ್ತಿದ್ದಿತು. ಒಂದು ತೆರೆಗೆ 32,000 ಬೈಟುಗಳು. ಇದನ್ನು ಬರೆಯುವುದು, ಅಳಿಸುವುದು, ಸರಿಸುವುದು ಎಲ್ಲವೂ ಪ್ರೊಸೆಸರಿನ ಪಾಲಿಗೇ ಬಿದ್ದ ಕೆಲಸ, ಸಹಾಯಕರಿಲ್ಲ. ಚಿತ್ರವನ್ನು ನಯವಾಗಿ ಪಕ್ಕಕ್ಕೆ ಜರುಗಿಸುವ ಏರ್ಪಾಡು ಕೂಡ ಅದರಲ್ಲಿ ಇರಲಿಲ್ಲ. ಆದರೆ ಏಕವರ್ಣದ ತೆರೆಯಲ್ಲಿ 640 ಮತ್ತು 400 ಬಿಂದುಗಳ ಚಿತ್ರವನ್ನು ಸೆಕೆಂಡಿಗೆ ಸುಮಾರು 70 ಸಲ ಬರೆಯುತ್ತಿದ್ದುದರಿಂದ ಅಕ್ಷರಗಳು ಕಾಗದದ ಮೇಲಿನಂತೆ ಅಲುಗದೆ ನಿಲ್ಲುತ್ತಿದ್ದುವು. ಅಮೀಗಾದಲ್ಲಿ ಅಷ್ಟೇ ಎತ್ತರದ ಚಿತ್ರವನ್ನು ಬೇಡಿದರೆ ಸಾಲು ಬಿಟ್ಟು ಸಾಲು ಬರೆಯಬೇಕಾಗಿ, ಸಾಮಾನ್ಯ ತೆರೆಗಳಲ್ಲಿ ಅದು ಕಣ್ಣಿಗೆ ನೋವಾಗುವಂತೆ ಮಿನುಗುತ್ತಿದ್ದಿತು. ಪುಟಗಳನ್ನು ಜೋಡಿಸುವವರು ಜರ್ಮನಿಯಲ್ಲಿ ಎಸ್.ಟಿ.ಯನ್ನು ಆದರಿಸಿದುದು ಆಶ್ಚರ್ಯವಲ್ಲ. ವರ್ಣಗಳನ್ನು ಮಾತ್ರ ಎಣಿಸುತ್ತಿದ್ದವರು ಈ ಗುಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಮೀಗಾದ ಒಳಗೆ ಆಗ್ನಸ್, ಡೆನೀಸ್, ಪೌಲಾ ಎಂಬ ಮೂರು ವಿಶೇಷ ಚಿಪ್ಪುಗಳಿದ್ದುವು. 4,096 ಛಾಯೆಗಳಲ್ಲಿ 32 ವರ್ಣಗಳನ್ನು ಸಾಮಾನ್ಯವಾಗಿ ಆರಿಸಬಹುದಾಗಿದ್ದಿತು. ಆಗ್ನಸಿನಲ್ಲಿದ್ದ ಬ್ಲಿಟರ್ ಎಂಬ ಅಂಗವು ಚಿತ್ರಖಂಡಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಾನೇ ನಕಲುಮಾಡುವುದು, ಗೆರೆ ಎಳೆಯುವುದು, ಆಕೃತಿಗಳ ಒಳಗೆ ಬಣ್ಣ ತುಂಬುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದಿತು. ಅದೇ ಚಿಪ್ಪಿನ ಕಾಪರ್ ಎಂಬ ಇನ್ನೊಂದು ಅಂಗವು ತೆರೆಯ ಕಿರಣವು ಎಷ್ಟನೆಯ ಸಾಲಿಗೆ ಬಂದಿತೆಂಬುದನ್ನು ನೋಡಿಕೊಂಡು ಅಲ್ಲಲ್ಲಿಯೇ ವರ್ಣಗಳನ್ನು ಬದಲಾಯಿಸುತ್ತಿದ್ದಿತು. 1984ರ ಜನವರಿಯ ಪ್ರದರ್ಶನದಲ್ಲಿ ಚಿಪ್ಪುಗಳೇ ಇನ್ನೂ ತಯಾರಾಗದೆ, ತಂತಿಗಳ ರಾಶಿಯಂತಿದ್ದ ಹಲಗೆಗಳ ಮೇಲೆ, ಮಿಕಲ್ ಮತ್ತು ಲಕ್ ಎಂಬಿಬ್ಬರು ಕೆಂಪು ಬಿಳುಪು ಚೌಕಗಳ ಚೆಂಡೊಂದನ್ನು ಪುಟಿಸಿ ತೋರಿಸಿದರು. ಚೆಂಡು ತಿರುಗುವಂತೆ ಕಂಡುದು ಅದನ್ನು ಮತ್ತೆ ಮತ್ತೆ ಬರೆದುದರಿಂದಲ್ಲ. ನಿಂತ ಚಿತ್ರದ ವರ್ಣಗಳನ್ನು ಸುತ್ತು ಬದಲಾಯಿಸಿದುದರಿಂದ! ಪ್ರೊಸೆಸರಿಗೆ ಅಲ್ಲಿ ಹೆಚ್ಚು ಕೆಲಸವೇ ಇರಲಿಲ್ಲ.

4,096 ವರ್ಣಗಳೂ ಒಂದೇ ತೆರೆಯಲ್ಲಿ ಕಾಣುವ ಒಂದು ರೀತಿಯೂ ಉಂಟು. ಅದರಲ್ಲಿ ಪ್ರತಿ ಬಿಂದುವು 16 ಮೂಲವರ್ಣಗಳಲ್ಲಿ ಒಂದನ್ನು ಹೊಂದಬೇಕು, ಇಲ್ಲವೆ ತನ್ನ ಎಡಗಡೆಯ ಬಿಂದುವಿನ ವರ್ಣವನ್ನೇ ಉಳಿಸಿಕೊಂಡು ಕೆಂಪು, ಹಸುರು, ನೀಲಿ ಈ ಮೂರರಲ್ಲಿ ಒಂದು ಅಂಶವನ್ನು ಮಾತ್ರ ಮಾರ್ಪಡಿಸಿಕೊಳ್ಳಬೇಕು. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಪದವು ಮುಂದಕ್ಕೆ ಅನುವೃತ್ತಿಯಾಗುವ ಕ್ರಮವನ್ನು ಬಲ್ಲವರಿಗೆ ಇದರ ಲಾಘವವು ಒಡನೆ ಮನಸ್ಸಿಗೆ ಹಿಡಿಯುತ್ತದೆ. ಅದರ ತೊಡಕೂ ಅವರಿಗೆ ಗೊತ್ತು. ನಡುವಿನ ಒಂದು ಬಿಂದುವನ್ನು ಕದಲಿಸಿದರೆ ಅದರ ಬಲಗಡೆಯವೆಲ್ಲ ಕೆಡುತ್ತವೆ. ಆದಕಾರಣ ನಿಶ್ಚಲವಾದ ಚಿತ್ರಕ್ಕೆ ಅದು ಸೊಗಸು, ಆಟಕ್ಕೆ ಬಹುಮಟ್ಟಿಗೆ ನಿರುಪಯೋಗ. ಮೈನರನೇ ಇದನ್ನು ತೆಗೆದುಬಿಡಬೇಕೆಂದು ಹೇಳಿದ್ದನಂತೆ. ತೆಗೆದರೆ ಚಿಪ್ಪಿನ ನಡುವೆ ಬರಿದಾದ ಜಾಗವು ಉಳಿಯುವುದಲ್ಲದೆ ಬೇರೆ ಲಾಭವಿಲ್ಲವೆಂದು ತಿಳಿದು ಹಾಗೆಯೇ ಬಿಟ್ಟರು. ವ್ಯಾಪಾರದ ಪ್ರಕಟಣೆಗಳಲ್ಲಿ ಅತ್ಯಂತ ಗಟ್ಟಿಯಾಗಿ ಸಾರಿದ ಸಂಖ್ಯೆಯೇ ಹೀಗೆ ಉಳಿದುಕೊಂಡದ್ದು.

ಇಷ್ಟನ್ನು ಓದಿದವರು ಎಲ್ಲ ಆಟಗಳೂ ಅಮೀಗಾದಲ್ಲಿಯೇ ಮೇಲಾಗಿದ್ದಿರಬೇಕೆಂದು ಊಹಿಸುವುದು ಸಹಜ. ನಡೆದುದು ಹಾಗಲ್ಲ. ಎಸ್.ಟಿ.ಯು ಅಗ್ಗವಾಗಿದ್ದುದರಿಂದ ಮೊದಲ ವರ್ಷಗಳಲ್ಲಿ ಯೂರೋಪಿನ ಮನೆಗಳಲ್ಲಿ ಅದೇ ಹೆಚ್ಚಾಗಿ ಹರಡಿತು. ಪ್ರೋಗ್ರಾಮು ಬರೆಯುವವರು ಅದಕ್ಕಾಗಿ ಮೊದಲು ಬರೆದು, ಅದನ್ನೇ ಹೆಚ್ಚು ತಿದ್ದದೆ ಅಮೀಗಾಕ್ಕೆ ಇಳಿಸುತ್ತಿದ್ದರು. ಅಲ್ಲಿಯೂ 16 ವರ್ಣಗಳೇ, ಬ್ಲಿಟರಿಗೆ ಕೆಲಸವಿಲ್ಲ. ಎಸ್.ಟಿ.ಯ ಪ್ರೊಸೆಸರಿನ ವೇಗ 8 ಮೆಗಾಹರ್ಟ್ಸ್, ಅಮೀಗಾದ್ದು 7.16. ಕೆಲಸವೆಲ್ಲ ಪ್ರೊಸೆಸರಿನದೇ ಆದ ಮೇಲೆ, ಹೆಚ್ಚು ಬೆಲೆಯನ್ನು ತೆತ್ತವನ ಮನೆಯಲ್ಲಿ ಅದೇ ಆಟವು ತುಸು ನಿಧಾನವಾಗಿ ಓಡುತ್ತಿದ್ದುದುಂಟು. ಅಡಿಗೆಯವರನ್ನು ಸಂಬಳಕ್ಕೆ ಇಟ್ಟುಕೊಂಡು ಯಜಮಾನನೇ ಒಲೆಯೂದಿದ ಹಾಗೆ.

1987ರಲ್ಲಿ ಅಗ್ಗವಾದ ಅಮೀಗಾ 500 ಬಂದ ಬಳಿಕ ಕೊಳ್ಳುವವರ ಸಂಖ್ಯೆಯು ಬೆಳೆದು, ಅಮೀಗಾದ ಚಿಪ್ಪುಗಳನ್ನೇ ನಂಬಿ ಬರೆಯುವವರೂ ಹೆಚ್ಚಿದರು. 1989ರ 'ಷ್ಯಾಡೋ ಆಫ್ ದಿ ಬೀಸ್ಟ್' ಎಂಬ ಆಟದಲ್ಲಿ ಮುಗಿಲು, ಬೆಟ್ಟ, ಹುಲ್ಲುಗಳು ಬೇರೆ ಬೇರೆ ವೇಗದಲ್ಲಿ ನಯವಾಗಿ ಹಿಂದೆ ಸರಿಯುತ್ತವೆ. ಅದನ್ನು ಎಸ್.ಟಿ.ಗೆ ಇಳಿಸಿದಾಗ ಆ ಸೊಗಸು ಉಳಿಯಲಿಲ್ಲ. ಆದರೆ ಎಸ್.ಟಿ.ಯ ತರುಣರು ಕೈಕಟ್ಟಿ ಕೂರಲಿಲ್ಲವೆಂಬುದನ್ನೂ ಹೇಳಬೇಕು. ಕಿರಣವು ಸಾಲನ್ನು ದಾಟುವ ಕ್ಷಣವನ್ನು ಪ್ರೊಸೆಸರಿನ ಗಡಿಯಾರದಲ್ಲಿ ಎಣಿಸಿಕೊಂಡು, ನಡುವೆಯೇ ವರ್ಣಗಳನ್ನು ಬದಲಿಸಿ, 512 ಛಾಯೆಗಳನ್ನೂ ಒಂದೇ ತೆರೆಯಲ್ಲಿ ತಂದರು. ರಚಿಸಿದವರೇ ಅಸಾಧ್ಯವೆಂದು ಬಗೆದಿದ್ದ ಅಂಚಿನ ಕಪ್ಪುಪಟ್ಟಿಯ ಮೇಲೂ ಚಿತ್ರವನ್ನು ಬರೆದರು. 1989ರಲ್ಲಿ ಅಟಾರಿಯವರು ಬ್ಲಿಟರನ್ನೂ 4,096 ಛಾಯೆಗಳನ್ನೂ ಸೇರಿಸಿ ಎಸ್.ಟಿ.ಇ. ಎಂಬ ಹೊಸದನ್ನು ಮಾಡಿದರು. ಆದರೆ ಹಳೆಯ ಎಸ್.ಟಿ.ಗಳೇ ಮನೆಮನೆಗಳಲ್ಲಿದ್ದುದರಿಂದ ಹೊಸ ಅಂಗಗಳನ್ನು ಬಳಸಿ ಬರೆದವರು ವಿರಳ. ಅಮೀಗಾಕ್ಕೆ ಹಿಂದೆ ಆದುದೇ ಎಸ್.ಟಿ.ಇ.ಗೂ ಆಯಿತು.

ಈ ನಡುವೆ ಇಬ್ಬರೂ ಗಮನಿಸದಿದ್ದ ಮೂರನೆಯವನು ಬೆಳೆಯುತ್ತಿದ್ದನು. ಐ.ಬಿ.ಎಮ್. ಸಂಸ್ಥೆಯು 1987ರಲ್ಲಿ ತಂದ ವಿ.ಜಿ.ಎ. ಎಂಬ ಚಿತ್ರವ್ಯವಸ್ಥೆಯಲ್ಲಿ ಬ್ಲಿಟರೂ ಇಲ್ಲ, ಕಾಪರೂ ಇಲ್ಲ. ಕಚೇರಿಯ ಯಂತ್ರಕ್ಕೆ ತಕ್ಕ ಒರಟು ಏರ್ಪಾಡು. ಆದರೆ ಅದರ ಒಂದು ರೀತಿಯಲ್ಲಿ 320 ಮತ್ತು 200 ಬಿಂದುಗಳಿಗೆ 256 ವರ್ಣಗಳಿದ್ದು, ಒಂದು ಬಿಂದುವಿಗೆ ಒಂದೇ ಬೈಟು. ಪ್ರೊಸೆಸರುಗಳು ವರ್ಷವರ್ಷಕ್ಕೂ ವೇಗವಾದುವು. 1993ರ ಡಿಸೆಂಬರಿನಲ್ಲಿ 'ಡೂಮ್' ಎಂಬ ಆಟವು ಬಂದಿತು. ಅದರಲ್ಲಿ ಗೋಡೆಗಳ ಮೇಲಿನ ಚಿತ್ರವನ್ನು ಬಿಂದುಬಿಂದುವಾಗಿ ಲೆಕ್ಕಹಾಕಿ ಇಡಬೇಕು. ನಕಲುಮಾಡುವ ಬ್ಲಿಟರಿಗೆ ಅಲ್ಲಿ ಮಾಡುವುದೇನೂ ಇಲ್ಲ. ಒಂದು ಬಿಂದುವನ್ನಿಡಲು ವಿ.ಜಿ.ಎ.ಯಲ್ಲಿ ಒಂದು ಬೈಟನ್ನು ಬರೆದರೆ ಸಾಕು. 1992ರ ಅಮೀಗಾ 1200ರಲ್ಲಿಯೂ 256 ವರ್ಣಗಳುಂಟು. ಆದರೆ ಎಂಟು ಪದರಗಳಲ್ಲಿ ಎಂಟು ಕಡೆ ಬಿಟ್ಟುಗಳನ್ನು ತಿದ್ದಬೇಕು. ಸಂಖ್ಯೆಯು ಎರಡರಲ್ಲಿಯೂ 256, ಫಲವು ಬೇರೆ. ಸ್ಥಾಲೀಪುಲಾಕನ್ಯಾಯವೆಂದು ಒಂದು ಅಗುಳನ್ನು ಹಿಚುಕಿ ನೋಡುವುದು ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಬೆಂದಿದ್ದರೆ ಮಾತ್ರ ಸಲ್ಲುತ್ತದೆ.

ಕಮೊಡೋರಿನವರಿಗೆ ಈ ಕುಂದು ತಿಳಿಯದೆ ಇರಲಿಲ್ಲ. 1993ರಲ್ಲಿ ಹೊರತಂದ ಅಮೀಗಾ ಸಿ.ಡಿ.32 ಎಂಬ ಆಟದ ಯಂತ್ರದೊಳಗೆ ಅಕಿಕೊ ಎಂಬ ಚಿಪ್ಪನ್ನಿಟ್ಟು, ಬೈಟುಗಳಾಗಿ ಬರೆದುದನ್ನು ಪದರಗಳಾಗಿ ಬಿಡಿಸಿಕೊಡುವ ಕೆಲಸವನ್ನು ಅದಕ್ಕೆ ಒಪ್ಪಿಸಿದ್ದರು. ಹೊತ್ತು ಮೀರಿದ್ದಿತು. 1994ರ ಏಪ್ರಿಲ್ 29ರಂದು ಕಮೊಡೋರ್ ದಿವಾಳಿಯೆಂದು ಪ್ರಕಟಿಸಿತು. ಅಟಾರಿಯವರು ಅದಕ್ಕೆ ಮೊದಲೇ ಕಂಪ್ಯೂಟರುಗಳ ತಯಾರಿಕೆಯನ್ನು ಬಿಟ್ಟಿದ್ದು, 1996ರಲ್ಲಿ ಬೇರೊಂದು ಸಂಸ್ಥೆಯಲ್ಲಿ ಲೀನವಾದರು. ಬಹುಕಾಲ ಮೂತ್ರಪಿಂಡದ ವ್ಯಾಧಿಯಿಂದ ಬಳಲುತ್ತಿದ್ದ ಜೇ ಮೈನರನು 1994ರ ಜೂನ್ 20ರಂದು ತೀರಿಕೊಂಡನು. ಮೊದಲ ಅಮೀಗಾದ ಮುಚ್ಚಳವನ್ನು ತೆಗೆದು ನೋಡಿದರೆ ಒಳಮೈಯಲ್ಲಿ ಅದನ್ನು ಕಟ್ಟಿದವರೆಲ್ಲರ ರುಜುಗಳು ಅಚ್ಚೊತ್ತಿರುವುದು ಕಾಣುತ್ತದೆ; ಅವುಗಳ ನಡುವೆ ಮೈನರನ ಸಾಕುನಾಯಿ ಮಿಚ್ಚಿಯ ಹೆಜ್ಜೆಯ ಗುರುತೂ ಇದೆ.